ತಲೆ ಎಣಿಸಿದರೆ ಸಾಕೇ?

ಪ್ರಶ್ನೆ: ಕೋವಿಡ್ ನಂತರ ಬಡ ದೇಶಗಳಿಗೆ ಮೊದಲಿನಷ್ಟೇ ಪ್ರವಾಸಿಗರು ಬಂದರೆ ಸಾಕಲ್ವಾ? ಪರಿಸರ ಅಂತ ಮಿತಿ ಹಾಕಿದರೆ ಕೆಲಸ ಹೋದವರ ಗತಿ ಏನು?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ. 2020ರಲ್ಲಿ ಜಗತ್ತಿನ ವಿದೇಶ ಪ್ರವಾಸ 70%ಕ್ಕಿಂತ ಜಾಸ್ತಿ ಕುಸಿಯಿತು. ಗೈಡ್‌ಗಳು, ದೋಣಿಯವರು, ರೂಮು ಗುಡಿಸುವವರು ನೋಡನೋಡುತ್ತಲೇ ಬರಿಗೈಯಾದರು. ಆದರೂ ಸುಮ್ನೆ ತಲೆ ಎಣಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

ಥಾಯ್ಲೆಂಡಿನ ಮಾಯಾ ಬೇ ಎಂಬ ಕಡಲ ಕೊಲ್ಲಿ ನೋಡಿ. ಜನರ ನೂಕುನುಗ್ಗಲಿಗೆ ಹವಳ ಹಾಳಾಗಿ 2018ರಲ್ಲಿ ಅದನ್ನು ಮುಚ್ಚಿದರು, 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯ ಒಳಗೆ ಬರುವಂತಿಲ್ಲ, ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು, ಒಂದು ಹೊತ್ತಿಗೆ ಇಷ್ಟೇ ಜನ ಅಂತ ನಿಯಮ ಮಾಡಿದರು. ಮರಿ ಶಾರ್ಕ್‌ಗಳು ವಾಪಸ್ ಬಂದವು. ಅವನ್ನು ನೋಡಲೆಂದೇ ಈಗ ಜನ ಬರುತ್ತಾರೆ! ಅಂದರೆ ಮಿತಿಯಿಂದ ದುಡಿಮೆ ನಿಲ್ಲಲೇಬೇಕೆಂದಿಲ್ಲ.

ಹಾಗಂತ ಮಿತಿ ಅತಿಯಾಗಲೂಬಾರದು. ಭೂತಾನ್ 2022ರಲ್ಲಿ ದಿನದ ಶುಲ್ಕವನ್ನು 65 ಡಾಲರಿನಿಂದ 200ಕ್ಕೆ ಏರಿಸಿತು. ಪ್ರವಾಸಿಗರು ನಿರೀಕ್ಷೆಯಷ್ಟು ಬರಲಿಲ್ಲ, ಮರುವರ್ಷ 100ಕ್ಕೆ ಇಳಿಸಿತು. ತಪ್ಪು ಕಂಡಾಗ ತಿದ್ದಿಕೊಂಡದ್ದು ನನಗೆ ಇಷ್ಟವಾಯಿತು.

ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆಯೇ ಬೇರೆ: ಹಣ ಯಾರ ಕೈಯಲ್ಲಿ ಉಳಿಯುತ್ತದೆ? ಹೋಟೆಲ್ಲೂ ವಿಮಾನವೂ ತರಕಾರಿಯೂ ಹೊರಗಿನವರದ್ದೇ ಆದರೆ ಲಕ್ಷ ಜನ ಬಂದರೂ ಊರಿಗೆ ಸಿಗುವುದು ಕಸ ಮಾತ್ರ. ಆದ್ದರಿಂದ ಸರ್ಕಾರ ಸಾಲ, ತರಬೇತಿ ಕೊಡುವಾಗ ದೊಡ್ಡ ರೆಸಾರ್ಟ್‌ಗಿಂತ ಮೊದಲು ಹೋಂಸ್ಟೇ, ಸ್ಥಳೀಯ ಗೈಡ್, ಹತ್ತಿರದ ರೈತರನ್ನು ನೋಡಲಿ. ಗಡಿ ಮುಚ್ಚಿದಾಗಲೂ ಬರಬಲ್ಲ ದೇಶದೊಳಗಿನ ಪ್ರವಾಸಿಗರನ್ನೂ ಮರೆಯದಿರಲಿ.