ಮೂರೋ, ನೂರೋ: ತರಗತಿಯ ದುಭಾಷಿಯ ಕುರಿತು ಎರಡು ಪ್ರಶ್ನೆಗಳು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು, ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದ ಕಾರಣ ಚಿಕ್ಕಂದಿನಿಂದಲೂ ಅವನೊಂದಿಗೆ ಕೈಸನ್ನೆಯಲ್ಲೇ ಮಾತನಾಡುತ್ತ ಬಂದಿದ್ದೇನೆ. ಶಾಲೆಗಳಲ್ಲಿ ಸಂಜ್ಞೆ ಭಾಷೆಯ ದುಭಾಷಿಯಾಗುವ ಆಸೆಯಿದೆ. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ಸಾಕೇ?

ಉತ್ತರ: ಸಾಲದು. ಅಂಥ ಕೋರ್ಸುಗಳು ಕಿವುಡರೊಂದಿಗೆ ನಾಲ್ಕು ಮಾತನಾಡಲು ಕಲಿಸುತ್ತವೆ. ಇನ್ನೊಬ್ಬರ ಪಾಠವನ್ನು ನಿಲ್ಲಿಸದೆ ಕೈಗೆ ಇಳಿಸುವುದು ಬೇರೆಯೇ ವಿದ್ಯೆ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಎರಡು ವರ್ಷಗಳ ‘ಡಿಪ್ಲೊಮಾ ಇನ್ ಇಂಡಿಯನ್ ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟೇಷನ್’ ಇದೆ. ವೃತ್ತಿಯಲ್ಲಿರುವವರು ಅದನ್ನು ಚಿಕ್ಕದಾಗಿ ‘ಡಿಸ್ಲಿ’ ಎನ್ನುತ್ತಾರೆ. ಪಿಯುಸಿ ಮುಗಿಸಿದವರು ಸೇರಬಹುದು. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಇದನ್ನು ನಡೆಸುತ್ತದೆ. ಬೇರೆಲ್ಲಿಯೇ ಸೇರುವುದಾದರೂ ಹಣ ಕಟ್ಟುವ ಮೊದಲು ಪರಿಷತ್ತಿನ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳಿ. ಕೋರ್ಸು ಮುಗಿದ ಮೇಲೆ ಪರಿಷತ್ತಿನಲ್ಲಿ ನೋಂದಣಿ ಮಾಡಿಸುವುದಕ್ಕೂ ಅದೇ ಆಧಾರ.

ತಮ್ಮನೊಂದಿಗಿನ ಒಡನಾಟ ನಿಮ್ಮ ದೊಡ್ಡ ಬಲ, ಆದರೆ ಅದೇ ಕೆಲವೊಮ್ಮೆ ತೊಡಕೂ ಆಗುತ್ತದೆ. ನೀವಿಬ್ಬರೂ ಬಳಸುವುದು ಬಹುಶಃ ಮನೆಸನ್ನೆ. ಅಡಿಕೆ ಹಾಳೆ ಕೀಳುವಂತೆ ಕೈ ಆಡಿಸಿದರೆ ‘ತೋಟಕ್ಕೆ ಹೋದರು’ ಎಂದು ನಿಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿದೀತು, ಪಕ್ಕದ ಊರಿನ ಕಿವುಡ ಹುಡುಗನಿಗೆ ತಿಳಿಯದು. ಭಾರತೀಯ ಸಂಜ್ಞೆ ಭಾಷೆಗೆ ತನ್ನದೇ ವ್ಯಾಕರಣವಿದೆ. ‘ನೀನು ಯಾಕೆ ಅತ್ತೆ?’ ಎಂಬ ಮಾತು ಅಲ್ಲಿ ‘ನೀನು – ಅಳು – ಯಾಕೆ’ ಎಂಬ ಕ್ರಮದಲ್ಲಿ ಬರುತ್ತದೆ, ಜೊತೆಗೆ ಹುಬ್ಬು ಮತ್ತು ಮುಖದ ಚಲನೆಯೂ ವಾಕ್ಯದ ಭಾಗವೇ ಆಗಿರುತ್ತದೆ. ಕನ್ನಡದ ಒಂದೊಂದು ಪದಕ್ಕೂ ಒಂದೊಂದು ಸನ್ನೆ ಜೋಡಿಸಿಕೊಂಡು ಹೋಗುವುದು ದುಭಾಷೆಯಲ್ಲ.

ಎಲ್ಲಕ್ಕಿಂತ ಕಷ್ಟಪಟ್ಟು ಕಲಿಯಬೇಕಾದದ್ದು, ಕೇಳಿಸದಿದ್ದನ್ನು ಕೇಳಿಸಲಿಲ್ಲ ಎನ್ನುವುದು. ಹಲವು ವರ್ಷಗಳ ಹಿಂದೆ, ಇನ್ನೂ ತರಬೇತಿ ಪಡೆಯದಿದ್ದ ದಿನಗಳಲ್ಲಿ, ಮಲೆನಾಡಿನ ಒಂದು ಪ್ರೌಢಶಾಲೆಯ ಗಣಿತದ ಪಾಠಕ್ಕೆ ನಾನು ದುಭಾಷಿಯಾಗಿ ಹೋಗಿದ್ದೆ. ಆಷಾಢದ ಮಧ್ಯಾಹ್ನ, ತಗಡಿನ ಮಾಡಿನ ಮೇಲೆ ಮಳೆ ಬಾರಿಸುತ್ತಿತ್ತು. ಮೇಷ್ಟ್ರು ‘ಮೂರು’ ಎಂದದ್ದು ನನಗೆ ‘ನೂರು’ ಎಂದು ಕೇಳಿಸಿತು. ಅನುಮಾನ ಬಂದರೂ ಪಾಠ ನಿಲ್ಲಿಸಲು ಸಂಕೋಚಪಟ್ಟು ನೂರನ್ನೇ ತೋರಿಸಿದೆ. ಲೆಕ್ಕ ತಪ್ಪಿತು, ಬೈಗುಳ ತಿಂದವನು ಹುಡುಗ. ಆ ತಪ್ಪು ನನ್ನದೆಂದು ಅಲ್ಲೇ ಹೇಳುವಷ್ಟು ವೃತ್ತಿಧರ್ಮವೂ ಆಗ ನನಗೆ ತಿಳಿದಿರಲಿಲ್ಲ. ಕೈ ಎತ್ತಿ ‘ಸರ್, ಇನ್ನೊಮ್ಮೆ ಹೇಳಿ’ ಎನ್ನುವ ಧೈರ್ಯ, ಮಗುವಿನ ಪರವಾಗಿ ಉತ್ತರ ಹೇಳದಿರುವ ಸಂಯಮ, ಅಲ್ಲಿ ಕಂಡು ಕೇಳಿದ್ದನ್ನು ಹೊರಗೆ ಆಡದಿರುವ ಶಿಸ್ತು – ಇವನ್ನು ಅಭ್ಯಾಸದಿಂದಲೇ ರೂಢಿಸಿಕೊಳ್ಳಬೇಕು. ತರಬೇತಿಯ ಅವಧಿಯಲ್ಲಿ ತಮ್ಮನಲ್ಲದ ಬೇರೆ ಕಿವುಡರ ಒಡನಾಟವನ್ನೂ ಆದಷ್ಟು ಬೆಳೆಸಿಕೊಳ್ಳಿ.

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ. ಎಂಟನೇ ತರಗತಿಗೆ ಕಿವಿ ಕೇಳಿಸದ ಹುಡುಗಿಯೊಬ್ಬಳು ಸೇರಿದ್ದಾಳೆ, ಅವಳಿಗಾಗಿ ದುಭಾಷಿಯೊಬ್ಬರು ಬರಲಿದ್ದಾರೆ. ಅವರನ್ನು ಎಲ್ಲಿ ನಿಲ್ಲಿಸಬೇಕು? ಹುಡುಗಿಯ ನೋಟ್‌ಬುಕ್ ತಿದ್ದುವ ಕೆಲಸವನ್ನೂ ಅವರಿಗೇ ವಹಿಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ವಹಿಸಬಾರದು. ದುಭಾಷಿ ನಿಮ್ಮ ಮಾತನ್ನು ಅವಳಿಗೂ ಅವಳ ಮಾತನ್ನು ನಿಮಗೂ ತಲುಪಿಸುವವರು. ಅವಳ ಶಿಕ್ಷಕರು ನೀವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಂಜ್ಞೆ ಭಾಷೆ ಬಲ್ಲ ಶಿಕ್ಷಕರನ್ನು ತಯಾರು ಮಾಡಿ ನೇಮಿಸಬೇಕೆಂದೂ ಹೇಳುತ್ತದೆ. ಆದ್ದರಿಂದ ನೀವೂ ಒಂದಿಷ್ಟು ಸನ್ನೆ ಕಲಿತರೆ ಚೆನ್ನು.

ದುಭಾಷಿ ನಿಮ್ಮ ಮತ್ತು ಕರಿಹಲಗೆಯ ಪಕ್ಕದಲ್ಲೇ ನಿಲ್ಲಲಿ, ಕಿಟಕಿಗೆ ಬೆನ್ನು ಮಾಡಿ ಬೇಡ. ಬೆಳಕು ಹಿಂದಿನಿಂದ ಬಿದ್ದರೆ ಕೈಯೂ ಮುಖವೂ ಕಪ್ಪಾಗಿ ಕಾಣುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಉಳಿದ ಮಕ್ಕಳಿಗೆ ಪಾಠ ಕೇಳಿಸುತ್ತಲೇ ಇರುತ್ತದೆ, ಇವಳಿಗೆ ಮಾತ್ರ ಅಲ್ಲಿಗೇ ನಿಂತುಹೋಗುತ್ತದೆ. ಒಂದು ಚಾರ್ಜಿಂಗ್ ದೀಪ ಇಟ್ಟುಕೊಳ್ಳಿ.

ಮಾತು ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಕೊಡುವ ನಮ್ಮ ಅಭ್ಯಾಸವೇ ಇಲ್ಲಿನ ದೊಡ್ಡ ತೊಂದರೆ. ನೀವು ಎಲೆಯ ಚಿತ್ರ ಬರೆಯುತ್ತ ‘ಪತ್ರಹರಿತ್ತು ಬೆಳಕನ್ನು ಹೀರುತ್ತದೆ’ ಎಂದರೆ ಬೇರೆ ಮಕ್ಕಳು ಚಿತ್ರ ನೋಡುತ್ತಲೇ ಕೇಳುತ್ತಾರೆ. ಇವಳು ಚಿತ್ರವನ್ನು ನೋಡಿದರೆ ದುಭಾಷಿಯ ಕೈ ತಪ್ಪುತ್ತದೆ, ಕೈ ನೋಡಿದರೆ ಚಿತ್ರ ತಪ್ಪುತ್ತದೆ. ಬರೆದು ಮುಗಿಸಿ, ಅವಳು ನೋಡುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮಾತನಾಡಿ. ಪಾಠದ ಪಾರಿಭಾಷಿಕ ಪದಗಳನ್ನು ಹಿಂದಿನ ದಿನವೇ ದುಭಾಷಿಗೆ ಕೊಡಿ. ದೆಹಲಿಯ ಭಾರತೀಯ ಸಂಜ್ಞೆ ಭಾಷಾ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಹೆಚ್ಚು ಪದಗಳ ಸನ್ನೆಗಳಿವೆ. ಅಲ್ಲಿ ಸಿಗದ ಪದಕ್ಕೆ ಹುಡುಗಿಯೂ ದುಭಾಷಿಯೂ ಒಪ್ಪಿದ ಸನ್ನೆಯೊಂದನ್ನು ಪಾಠದುದ್ದಕ್ಕೂ ಬಳಸಬಹುದು. ಬಿಡುವಿಲ್ಲದೆ ಇಪ್ಪತ್ತು–ಮೂವತ್ತು ನಿಮಿಷ ಕಳೆದರೆ ದುಭಾಷಿಯ ನಿಖರತೆ ಕುಗ್ಗುತ್ತದೆ, ಆದ್ದರಿಂದ ನಡುವೆ ಓದುವ, ಬರೆಯುವ ಕೆಲಸ ಕೊಡಿ.

ಆದರೆ ಹುಡುಗಿಗೆ ಮನೆಸನ್ನೆಯ ಹೊರತು ಬೇರೆ ಭಾಷೆಯೇ ಇಲ್ಲದಿದ್ದರೆ ಎಷ್ಟು ನುರಿತ ದುಭಾಷಿ ಬಂದರೂ ಪಾಠ ಅವಳನ್ನು ಮುಟ್ಟುವುದಿಲ್ಲ. ಮೊದಲು ಅವಳಿಗೆ ಸಂಜ್ಞೆ ಭಾಷೆ ಕಲಿಸಬೇಕು. ಅದಕ್ಕೆ ವಯಸ್ಕ ಕಿವುಡರೊಬ್ಬರು ದೊರೆತರೆ ಅವರಿಗಿಂತ ಒಳ್ಳೆಯ ಗುರು ಬೇರಿಲ್ಲ.

ಪ್ರಶ್ನೆ ಕೇಳುವಾಗ ದುಭಾಷಿಯತ್ತ ತಿರುಗಿ ‘ಅವಳಿಗೆ ಅರ್ಥವಾಯಿತೇ ಕೇಳಿ’ ಎನ್ನದೆ, ಅವಳ ಮುಖ ನೋಡಿಯೇ ‘ನಿನಗೆ ಅರ್ಥವಾಯಿತೇನಮ್ಮಾ’ ಎಂದು ಕೇಳಿ. ನಿಮ್ಮ ಪ್ರಶ್ನೆ ಅವಳನ್ನು ಕೆಲವು ಕ್ಷಣ ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಮುಂದಿನ ಬೆಂಚಿನವರು ಕೈ ಎತ್ತಿಬಿಟ್ಟಿರುತ್ತಾರೆ. ದುಭಾಷಿಯ ಕೈ ನಿಲ್ಲುವವರೆಗೆ ಯಾರ ಹೆಸರನ್ನೂ ಕರೆಯಬೇಡಿ.