ಕಾಂತಗಳೆಲ್ಲ ಪಾಸಾದರೂ ಯಂತ್ರ ಕೆಟ್ಟದ್ದೇಕೆ?

ಪ್ರಶ್ನೆ: ನಾನು ಸೋಮವಾರಪೇಟೆಯ ಕಡೆ ಕಾಫಿ ತೋಟಗಳ ಪಲ್ಪರ್ ಮತ್ತು ಪಂಪ್‌ಸೆಟ್ ಮೋಟಾರುಗಳನ್ನು ರೀವೈಂಡ್ ಮಾಡುವವನು. ಜಿನೀವಾ ಬಳಿಯ ಸೆರ್ನ್ ಕಣವೇಗವರ್ಧಕದ ಅತಿವಾಹಕ ಕಾಂತಗಳನ್ನು ಒಂದೊಂದಾಗಿ ಪರೀಕ್ಷಿಸಿಯೇ ಅಳವಡಿಸಿದ್ದರೆಂದು ಓದಿದೆ. ಹಾಗಿದ್ದೂ 2008ರಲ್ಲಿ ಅದು ಕೆಟ್ಟು ನಿಂತದ್ದೇಕೆ?

ಉತ್ತರ: ಅಂದು ಕೈಕೊಟ್ಟದ್ದು ಎರಡು ಕಾಂತಗಳ ನಡುವಿನ ಒಂದು ಬೆಸುಗೆ. ಅದನ್ನು ಹಾಕಿದ್ದು ಕಾಂತಗಳ ಪರೀಕ್ಷೆ ಮುಗಿದು, ಅವು 27 ಕಿಲೋಮೀಟರ್ ಸುತ್ತಳತೆಯ ಸುರಂಗವನ್ನು ಸೇರಿದ ಮೇಲೆ.

ಅಲ್ಲಿರುವ 1,232 ದ್ವಿಧ್ರುವ ಕಾಂತಗಳು ಒಂದೊಂದೂ 15 ಮೀಟರ್ ಉದ್ದ, ಸುಮಾರು 35 ಟನ್ ತೂಕದವು. ಎಸ್‌ಎಂ18 ಎಂಬ ಪರೀಕ್ಷಾ ಭವನದಲ್ಲಿ, ನೀವು ಮೆಗ್ಗರ್ ಹಿಡಿದು ನೋಡುವಂತೆಯೇ ಇನ್ಸುಲೇಶನ್ ನೋಡಿ, ಬಳಿಕ ದ್ರವ ಹೀಲಿಯಂನಿಂದ ಸೊನ್ನೆಗಿಂತ 271 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿ, ಕರೆಂಟನ್ನು ಮೆಲ್ಲಗೆ 11,850 ಆಂಪಿಯರ್‌ನ ಆಸುಪಾಸಿಗೆ ಏರಿಸುತ್ತಿದ್ದರು. ಸುರುಳಿಯ ತಂತಿ ಕಾಂತಬಲಕ್ಕೆ ಸಿಕ್ಕಿ ಕೂದಲೆಳೆಗಿಂತ ಕಡಿಮೆ ಜರುಗಿದರೂ, ಆ ತಿಕ್ಕಾಟದ ಬಿಸಿಗೆ ಅಲ್ಲಿ ಅತಿವಾಹಕತೆ, ಅಂದರೆ ರೋಧವೇ ಇಲ್ಲದೆ ಕರೆಂಟ್ ಹರಿಸುವ ಗುಣ, ಅಳಿಯುತ್ತದೆ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಜರುಗಿದ ತಂತಿ ಹೊಸ ಜಾಗದಲ್ಲಿ ಭದ್ರವಾಗಿ ಕೂರುವುದರಿಂದ ಮುಂದಿನ ಸಲ ಕಾಂತ ಇನ್ನಷ್ಟು ಕರೆಂಟ್ ತಾಳುತ್ತದೆ. ಹೀಗೆ ಕ್ವೆಂಚ್ ಮಾಡಿಸಿ ಮಾಡಿಸಿ ಪಳಗಿಸುವುದೂ ಪರೀಕ್ಷೆಯ ಭಾಗವೇ.

ಪೂರ್ಣ ಕರೆಂಟಿನಲ್ಲಿ ಒಂದು ಕಾಂತ ಹಿಡಿದಿಡುವ ಶಕ್ತಿ ಸುಮಾರು 70 ಲಕ್ಷ ಜೂಲ್, ಮೀಟರಿನ ಲೆಕ್ಕದಲ್ಲಿ ಹತ್ತಿರಹತ್ತಿರ 2 ಯೂನಿಟ್. ಅದಷ್ಟೂ ಒಂದೇ ಬಿಂದುವಿನಲ್ಲಿ ಇಳಿದರೆ ತಂತಿ ಕರಗುತ್ತದೆ. ಆದ್ದರಿಂದ ಕ್ವೆಂಚ್ ಕಂಡ ಕೂಡಲೇ ಹೀಟರ್ ಪಟ್ಟಿಗಳು ಸುರುಳಿಯನ್ನೆಲ್ಲ ಬಿಸಿಮಾಡಿ ಶಕ್ತಿಯನ್ನು ಹಂಚಿಬಿಡುತ್ತವೆ. ಈ ಹೀಟರುಗಳಿಗೆ ವಿದ್ಯುತ್ ಕೊಡುವ ಸಾವಿರಾರು ಘಟಕಗಳು ಭಾರತದಿಂದ ಹೋದವು. ಕಾಂತಗಳ ಪರೀಕ್ಷೆಯಲ್ಲಿಯೂ ನಮ್ಮ ಅಣುಶಕ್ತಿ ಇಲಾಖೆಯ ಎಂಜಿನಿಯರುಗಳು ದುಡಿದರು. ಇದು ಇಲ್ಲಿ ಹೆಚ್ಚು ಜನರಿಗೆ ತಿಳಿಯಲೇ ಇಲ್ಲವೆಂಬ ಬೇಸರ ನನಗಿದೆ.

ಈಗ ಬೆಸುಗೆಗೆ ಬರೋಣ. ಟರ್ಮಿನಲ್ ಸಡಿಲವಾದರೆ ಮೋಟಾರಿಗೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. 2008ರ ಸೆಪ್ಟೆಂಬರ್ 19ರಂದು ಕರೆಂಟ್ 8,700 ಆಂಪಿಯರ್ ಮುಟ್ಟಿದಾಗ ಕೆಟ್ಟ ಬೆಸುಗೆಯ ರೋಧ ಸುಮಾರು 200 ನ್ಯಾನೋ ಓಮ್ ಇದ್ದಿರಬೇಕೆಂದು ಆಮೇಲೆ ಅಂದಾಜಿಸಿದರು. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿ ನೋಡಿ: ಹುಟ್ಟಿದ ಶಾಖ ಬರೀ 15 ವ್ಯಾಟ್. ನಿಮ್ಮ ಮೋಟಾರಿಗೆ ಅದು ಲೆಕ್ಕಕ್ಕಿಲ್ಲ, ಆ ಚಳಿಯಲ್ಲಿ ಅಷ್ಟೇ ಸಾಕಾಯಿತು. ಬೆಸುಗೆ ಬಿಸಿಯಾಗಿ ಅತಿವಾಹಕತೆ ಹೋಯಿತು, ಕರೆಂಟ್ ಹರಿಯಲು ಪಕ್ಕದ ತಾಮ್ರದ ದಾರಿಯೂ ಅಲ್ಲಿ ಸರಿಯಾಗಿ ಕೂಡಿರಲಿಲ್ಲ, ಆರ್ಕ್ ಎದ್ದು ಹೀಲಿಯಂ ಕವಚವನ್ನು ತೂತು ಮಾಡಿತು. ಟನ್‌ಗಟ್ಟಲೆ ಹೀಲಿಯಂ ನುಗ್ಗಿದ ಒತ್ತಡಕ್ಕೆ ಕಾಂತಗಳು ನೆಲೆಯಿಂದಲೇ ಕದಲಿದವು, 53 ಕಾಂತಗಳನ್ನು ಮೇಲಕ್ಕೆ ತರಬೇಕಾಯಿತು.

2013-14ರಲ್ಲಿ ಯಂತ್ರವನ್ನು ನಿಲ್ಲಿಸಿ, 10,000ಕ್ಕೂ ಹೆಚ್ಚು ಬೆಸುಗೆಗಳನ್ನು ತೆರೆದು ನೋಡಿ, ತಾಮ್ರದ ಪಟ್ಟಿಗಳಿಂದ ಬಲಪಡಿಸಿದರು. ಅದೇ ಯಂತ್ರದ ಉನ್ನತೀಕರಣಕ್ಕೆಂದು ತಯಾರಾದ ಹೊಸ ಕಾಂತಗಳನ್ನು ಬಿಡಿಯಾಗಿ ಪರೀಕ್ಷಿಸುವುದಲ್ಲದೆ, ಸುರಂಗದಲ್ಲಿರುವಂತೆಯೇ ಒಂದಕ್ಕೊಂದು ಬೆಸೆದ ಸಾಲನ್ನೂ ಎಸ್‌ಎಂ18ರಲ್ಲಿ ಕಟ್ಟಿದ್ದಾರೆ.