ಒಂದು ದಿನದ ಪಾಟಾ ಕೆಲಸ ಮೂರು ದಿನ ಆಗೋದ್ಯಾಕೆ?

ಸಮಯ ತಿಂದಿದ್ದು ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಅಲ್ಲ, ತುಕ್ಕು ಇರಬೇಕು. ಗಾಡಿಯ ಹಿಂಭಾಗದ ಎರಡೂ ಬದಿಗೆ ಒಂದೊಂದು ಪಾಟಾ ಹೆಚ್ಚಿಗೆ ಹಾಕಲು ಒಂದು ದಿನ ಅಂದ ಗ್ಯಾರೇಜಿನವರು ಮೂರು ದಿನ ಹಿಡಿದು ಕೂಲಿ ದುಪ್ಪಟ್ಟು ಕೇಳಿದರು ಅಂದಿರಲ್ಲ. ಜಮಖಂಡಿ ಕಡೆ ಕಬ್ಬಿನ ಸೀಜನ್ ಮುಗಿಸಿದ ಗಾಡಿ ಅಂದ್ರೆ ಯು-ಬೋಲ್ಟಿನ (ಪಾಟಾ ಕಟ್ಟನ್ನು ಆಕ್ಸಲಿಗೆ ಬಿಗಿಯೋ ಬೋಲ್ಟು) ನಟ್ಟು, ಶ್ಯಾಕಲ್ ಪಿನ್ನು (ಪಾಟಾದ ತುದಿಯನ್ನು ಚಾಸಿಗೆ ಜೋಡಿಸೋ ಪಿನ್ನು) ತುಕ್ಕಿಗೆ ಕಚ್ಚಿಕೊಂಡೇ ಇರ್ತಾವ. ಸ್ಪ್ಯಾನರಿಗೆ ಪೈಪು ಸಿಗಿಸಿ ಇಬ್ಬರು ಜೋತುಬಿದ್ರೂ ಅಲುಗಾಡಲ್ಲ, ಕಡೀಕ ಗ್ಯಾಸ್ ಕಟರ್ರೇ ಗತಿ.

ನಿಮ್ಮ ಇನ್ನೊಂದು ಗಾಡಿ ಗ್ಯಾರೇಜಿಗೆ ಕೊಡೋ ಮುಂಚೆ ಅಡಿಭಾಗ ತೊಳೆಸಿ, ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೀರಿ. ಪಾಟಾ ಹೆಚ್ಚಾದರೆ ಕಟ್ಟಿನ ದಪ್ಪ ಹೆಚ್ಚುತ್ತೆ, ಹಳೇ ಯು-ಬೋಲ್ಟು, ಪಾಟಾಗಳನ್ನು ನಡುವೆ ಸೇರಿಸಿ ಹಿಡಿಯೋ ಸೆಂಟರ್ ಬೋಲ್ಟು ಉದ್ದ ಸಾಲದೆ ಹೋಗಬಹುದು. ಅಳತೆ ತಗೊಂಡು ಹೊಸವು ಮೊದಲೇ ತಂದಿಡಿ. ಗಾಡಿ ಜ್ಯಾಕ್ ಮೇಲೆ ನಿಲ್ಲಿಸಿ ಬೋಲ್ಟಿಗಾಗಿ ಬಾಗಲಕೋಟೆಗೆ ಓಡೋದು ಯಾರ ಲೆಕ್ಕಕ್ಕೂ ಬರದ ಅರ್ಧ ದಿನ.

ಆಮೇಲೆ ಕೂಲಿ. ಬಿಚ್ಚೋದು, ಜೋಡಿಸೋದು, ಬ್ರ್ಯಾಕೆಟ್ ವೆಲ್ಡಿಂಗ್ ಇದ್ದರೆ ಅದು, ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಲೆಕ್ಕಕ್ಕೆ, ಇಬ್ಬರು 6 ತಾಸು ಅಂದ್ರೆ 12 ತಾಸು. ತಾಸಿಗೆ 250 ರೂಪಾಯಿ ಹಿಡಿದರೆ 3,000. ಸಾಮಾನಿನ ದುಡ್ಡು ಬೇರೆ. ಪಿನ್ನಿನ ಸುತ್ತ ಕೂರೋ ಬುಶ್ ಎಷ್ಟು ಸವೆದಿದೆ ಅಂತ ಬಿಚ್ಚದೆ ಪೂರ್ತಿ ಹೇಳೋದು ಕಷ್ಟ, ಅದಕ್ಕೆ ‘ಹೆಚ್ಚಿನ ಕೆಲಸ ಬಂದ್ರ ಫೋನ್ ಮಾಡಿ ಕೇಳೇ ಮುಂದುವರೀರಿ’ ಅಂತ ಮೊದಲೇ ಹೇಳಿಬಿಡಿ.

ಮೊದಲ ಲೋಡ್ ಹೊಡೆದ ಮೇಲೆ ಯು-ಬೋಲ್ಟು ಮತ್ತೆ ಬಿಗಿ ಮಾಡಿಸಲೇಬೇಕು. ಅದೂ ಇದೇ ಕೂಲಿಯೊಳಗೆ ಬರುತ್ತಾ ಕೇಳಿಕೊಳ್ಳಿ. ಪಾಟಾ ಹೆಚ್ಚಿತು ಅಂತ ಆರ್‌ಸಿ ಪುಸ್ತಕದಲ್ಲಿ ಬರೆದ ತೂಕದ ಮಿತಿಯೇನೂ ಹೆಚ್ಚಲ್ಲ, ಅದೊಂದು ನೆನಪಿರಲಿ.